ಒಳಗೆ ಬಿಟ್ಟ ಬಟ್ಟೆ

ಮಂಡಿಪೇಟೆಯ ಮೆಟ್ಟಿಲ ಕೆಳಗೆ ನನ್ನ ಮಿಷನ್ನು.
ನಿಂತರೆ ತಲೆ ತಾಗುತ್ತದೆ; ಕೂತೇ ಇರುತ್ತೇನೆ.

ಕಾಲೇಜಿನ ಹುಡುಗಿ ಕುರ್ತಾ ತಂದಳು,
ಇನ್ನೂರ ತೊಂಬತ್ತೊಂಬತ್ತರದು, ಮನೆಬಾಗಿಲಿಗೇ ಬಂದದ್ದು.
'ಮೆಹಬೂಬಕ್ಕ, ಬಗಲಲ್ಲಿ ಬಿಗಿ ಆಗೇತಿ, ಒಂಚೂರು ಬಿಡ್ರಿ.'

ಬಿಡೋಣವೆಂದು ಒಳಮಗ್ಗುಲು ತಿರುವಿದರೆ
ಬಿಡಲು ಏನೂ ಇಲ್ಲ.
ಓವರ್‌ಲಾಕಿನ ಬಿಳಿ ದಾರ, ಅದರಾಚೆ ಗಾಳಿ.

ಯಾವ ಊರಿನ ಯಾವ ಲೈನಿನಲ್ಲಿ ಕೂತವಳೋ,
ಗಂಟೆಗೆ ಎಷ್ಟು ತೋಳು ಕೂಡಿಸಬೇಕಿತ್ತೋ.
ತಪ್ಪು ಅವಳದಲ್ಲ, ಹೊಲಿಗೆ ನೆಟ್ಟಗಿದೆ.
ಅರ್ಧ ಇಂಚು ಉಳಿಸಿದವರು
ಕತ್ತರಿಯನ್ನೇ ಮುಟ್ಟಿರಲಿಕ್ಕಿಲ್ಲ.
ಪೀಸಿಗೆ ಅರ್ಧ ಇಂಚು, ಲಕ್ಷ ಪೀಸು:
ಲೆಕ್ಕ ನನಗೂ ಬರುತ್ತದೆ.

ಅಪ್ಪ ಹತ್ತಿ ಮಿಲ್ಲಿನ ನೂಲುವ ಖಾತೆಯವನು.
ಸೈರನ್ನು ನಿಂತುಹೋದ ಮೇಲೂ ಐದಕ್ಕೇ ಏಳುತ್ತಿದ್ದ.
ಅವನ ಅಂಗಿಯ ಕಾಲರು ಸವೆದಾಗ
ಬಿಚ್ಚಿ, ಮಗುಚಿ, ಮತ್ತೆ ಕೂಡಿಸಿದ್ದೇ ನನ್ನ ಮೊದಲ ಕೆಲಸ.
ಹನ್ನೊಂದು ವರ್ಷ ನನಗಾಗ.
ಹಳೆಯ ಕಾಲರಿಗೆ ಹೊಸ ಮುಖ;
ಅಪ್ಪ ಕನ್ನಡಿ ಮುಂದೆ ಎರಡು ಸಲ ನಿಂತ.
ಆಮೇಲೆ ಅದು ತಮ್ಮನಿಗಾಯಿತು, ದಿಂಬಿಗಾಯಿತು,
ರೊಟ್ಟಿ ಸುತ್ತಿತು, ಹಲಗೆ ಒರೆಸಿತು,
ಅಂಗೈಯಗಲ ಉಳಿದದ್ದು
ಈಗಲೂ ಮಿಷನ್ನಿನ ಎಣ್ಣೆ ಕುಡಿಯುತ್ತದೆ.

'ಬೇರೆ ತುಂಡು ಕೂಡಿಸಬೇಕವ್ವ, ಎಂಬತ್ತು ಆಗುತ್ತೆ.'
'ಎಂಬತ್ತಾ? ಬಿಡ್ರಿ ಅಕ್ಕ,
ಅದಕ್ಕೆ ಇನ್ನಷ್ಟು ಹಾಕಿದ್ರೆ ಹೊಸದೇ ಬರ್ತೇತಿ.'
ಕುರ್ತಾ ಮೇಜಿನ ಮೇಲೇ ಉಳಿಯಿತು.
ಈ ತಿಂಗಳು ಹೀಗೆ ಉಳಿದದ್ದು ಇದು ಒಂಬತ್ತನೆಯದು,
ಬಣ್ಣ ಚೆನ್ನಾಗಿದೆ, ಬಟಾಣಿ ಹಸಿರು.

ಕಡೆ ಹೊತ್ತು. ಸೂಜಿಗೆ ಎಣ್ಣೆ ಬಿಟ್ಟು
ಆ ಹಸಿರಿನ ಅಂಚಿನಿಂದ ಒರೆಸಿ ನೋಡಿದೆ.

ಹೀರಲಿಲ್ಲ.
ಹರಡಿತು, ಅಷ್ಟೆ.