ಎಂಟು ಕಾಪಿ

ಫೋಟೊ ಹೊಡೆದೆ ಅನ್ನುತ್ತೇವೆ,
ಹಿಡಿದೆ ಅನ್ನುತ್ತೇವೆ, ತೆಗೆದೆ ಅನ್ನುತ್ತೇವೆ.
ಮೂರೂ ಕಿಸೆಗಳ್ಳರ ಓಣಿಯ ಮಾತು.
ಇಪ್ಪತ್ತೆರಡು ವರ್ಷ ಈ ಕಸುಬು ಮಾಡಿದ ಮೇಲೆ
ನನಗಿದು ಕೇಳಿಸಿತು.

ಕಲಬುರಗಿಯ ಮೇ ತಿಂಗಳು,
ನಡುರಾತ್ರಿಗೂ ಗೋಡೆ ಆರುವುದಿಲ್ಲ.
ಬೆಳಗಿನ ಜಾವ ಸ್ಟೇಷನ್ ರೋಡಿನಲ್ಲಿ
ಬ್ಯಾಂಕಿನ ಮೆಟ್ಟಿಲ ಬುಡಕ್ಕೆ ಒಬ್ಬ ಮಲಗಿದ್ದ.
ಚಪ್ಪಲಿಯೇ ತಲೆದಿಂಬು. ಒಂದು ಕೈ ಎದೆಯ ಮೇಲೆ,
ಇನ್ನೊಂದು ಹಾಸುಗಲ್ಲಿನ ಮೇಲೆ
ಯಾರದೋ ಕೆನ್ನೆ ಸವರುವಂತೆ.
ಬೆಳಕು ಓರೆಯಾಗಿ ಬಿದ್ದಿತ್ತು. ನಾನು ರಸ್ತೆಯ ಈಚೆ ದಂಡೆಗೆ.
ನನ್ನಲ್ಲಿ ಇದ್ದದ್ದು
ಹತ್ತಿರ ಹೋಗದೆ ಹತ್ತಿರ ತರುವ ಗಾಜು.

ಕೇಳಬಹುದಿತ್ತು.
ಕೇಳಿದ್ದರೆ ಏಳುತ್ತಿದ್ದ,
ಎದ್ದಿದ್ದರೆ ಆ ಕೈ ಅಲ್ಲಿರುತ್ತಿರಲಿಲ್ಲ.
ಈ ಲೆಕ್ಕ ನಾನು ಹಾಕಿದೆನೋ ಬೆರಳು ಹಾಕಿತೋ
ನೆನಪಿಲ್ಲ ಅಂತ ಬರೆದೆ, ಕಾಟು ಹಾಕಿದೆ.
ನೆನಪಿದೆ. ನಾನೇ.

ಬಣ್ಣ ತೆಗೆದೆ. ಬಡತನಕ್ಕೆ ಕಪ್ಪು ಬಿಳುಪು ಒಪ್ಪುತ್ತದೆ.
ಹಸಿರು ಚೌಕುಳಿಯ ಲುಂಗಿ ಬೂದಿಯಾಯಿತು.
ಬೀದರಿನಲ್ಲಿ ಪ್ರದರ್ಶನ, ಎರಡನೆಯ ಬಹುಮಾನ,
ಐದು ಸಾವಿರ, ಒಂದು ಶಾಲು.
ತೀರ್ಪುಗಾರರು ಮೈಕಿನಲ್ಲಿ ಅಂದರು:
ಇದು ಮನುಷ್ಯನ ಚಿತ್ರವಲ್ಲ, ಹಸಿವಿನ ಚಿತ್ರ.
ಚಪ್ಪಾಳೆ. ನಾನೂ ತಟ್ಟಿದೆ.
(ಹಿಂದಿನ ರಾತ್ರಿ ಯಾರದೋ ವಲೀಮಾದಲ್ಲಿ
ಎರಡು ತಾಟು ಬಿರ್ಯಾನಿ ಉಂಡು
ಬಂದು ಬಿದ್ದುಕೊಂಡಿದ್ದನಂತೆ. ಆಮೇಲೆ ಗೊತ್ತಾಯಿತು.)

ಮೊನ್ನೆ ಅಂಗಡಿಗೆ ಬಂದ,
ತಲೆಗೂದಲಿಗೆ ನಳದ ನೀರು ಹಚ್ಚಿಕೊಂಡು.
'ಪಿಂಚಣಿ ಅರ್ಜಿಗೆ ಎರಡು ಫೋಟೊ ಬೇಕಂತ.'
'ಎರಡು ಬರಲ್ಲ, ಎಂಟು ಕಾಪಿ ಬರ್ತಾವ.'
'ಎಂಟು ಮಂದಿ ಎಲ್ಲಿಂದ ತರ್ಲಿ?'
ಹೆಸರು ಲಾಡ್ಲೇಸಾಬ, ವಾಡಿ ಕಡೆಯವ,
ಮೂವತ್ತು ವರ್ಷ ಖಣಿಯಲ್ಲಿ ಫರ್ಸಿ ಕಡಿದವ.
'ನೀ ಅಡ್ಡಾಡೋದೂ ಅದರ ಮ್ಯಾಲೇ,
ನಾ ಮಲಗೋದೂ ಅದರ ಮ್ಯಾಲೇ' ಅಂದ.

ಆಮೇಲೆ ಗೋಡೆ ಕಡೆ ತಿರುಗಿದ.
ಬಹಳ ಹೊತ್ತು ನೋಡಿದ.
'ಇಂವ ಸತ್ತಾನೇನು?'
'ಇಲ್ಲ, ಮಲಗ್ಯಾನ.'
'ಮಲಗಿದವನ್ದು ಯಾಕ ತೆಗದಿ?
ಹೆಣದ್ದು ತೆಗೀತಾರ, ಅದೂ ಮಂದಿ ಕೂಡಿದ ಮ್ಯಾಲ.'
ಹತ್ತಿರ ಹೋದ. ಬೆರಳು ಮುಖವನ್ನು ದಾಟಿ
ಚಪ್ಪಲಿಯ ಮೇಲೆ ನಿಂತಿತು.
'ಇವು ನನ್ವು.
ಬ್ಯಾಸಗಿಗಿ ಕಳುವಾಗಿದ್ವು, ಊರೆಲ್ಲಾ ಹುಡುಕೀನಿ.
ಇಲ್ಲಿ ಅದಾವ ನೋಡು!'
ಅಂದು ನಕ್ಕ.
ನಾನು ಲೈಟಿನ ಗುಂಡಿ ಹುಡುಕುತ್ತಿದ್ದೆ,
ಅದು ಇಪ್ಪತ್ತೆರಡು ವರ್ಷದಿಂದ ಇರುವ ಜಾಗದಲ್ಲೇ ಇತ್ತು.

ಸ್ಟೂಲಿನ ಮೇಲೆ ಕೂಡಿಸಿದೆ. ಹಿಂದೆ ಬಿಳಿ ಪರದೆ.
'ಗದ್ದ ಮ್ಯಾಲ. ಕಣ್ಣು ತೆಗೀರಿ ಚಾಚಾ. ಹೊಡೀಲೇನು?'
'ನಿಂದ್ರು' ಅಂದ.
ಮೇಲಿನ ಗುಂಡಿ ಹಾಕಿಕೊಂಡ. ಅದಕ್ಕೆ ತೂತು ದೊಡ್ಡದಾಗಿತ್ತು,
ಮತ್ತೆ ಹಾಕಿಕೊಂಡ. ಮೀಸೆ ಒರೆಸಿದ.
ಎಂಥದೋ ನೆನೆಸಿಕೊಂಡು ಮುಖ ಗಟ್ಟಿ ಮಾಡಿದ.
'ಈಗ ಹೊಡಿ.'

ಆ 'ನಿಂದ್ರು', ಅದಕ್ಕೂ 'ಈಗ' ಎನ್ನುವುದಕ್ಕೂ ನಡುವಿನ
ಅರ್ಧ ನಿಮಿಷ,
ಮೇ ತಿಂಗಳಲ್ಲಿ ನಾನು ಎತ್ತಿಕೊಂಡು ಹೋದದ್ದು ಅದನ್ನ.

ಎರಡು ಕಾಪಿ ಅರ್ಜಿಯಲ್ಲಿ ಮಡಚಿಕೊಂಡ.
'ಉಳದಾವು ನಿನ್ ಹಂತೇಕ ಇರ್ಲಿ,
ನನ್ ಹಂತೇಕ ತೋಯ್ತಾವ.'
ನಲವತ್ತು ರೂಪಾಯಿ, ಬರೀ ಚಿಲ್ಲರೆ, ಎಣಿಸಿ ಇಟ್ಟ.
ತೆಗೆದುಕೊಂಡೆ.
ಐದು ಸಾವಿರದ ಮಾತು ನಾನು ಎತ್ತಲಿಲ್ಲ,
ಚಪ್ಪಲಿಯ ಮಾತು ಅವನೂ ಮತ್ತೆ ಎತ್ತಲಿಲ್ಲ.
ಹೋಗುವಾಗ ನೋಡಿದೆ,
ಕಾಲಲ್ಲಿದ್ದವು ಒಂದಕ್ಕೊಂದು ಜೋಡಿಯಲ್ಲ.

ಗೋಡೆಯ ಚಿತ್ರ ಇಳಿಸಿದೆ ಅಂದರೆ
ಪದ್ಯ ಚೆಂದ ಮುಗಿಯುತ್ತಿತ್ತು. ಇಳಿಸಿಲ್ಲ.
ಅದರ ಚೌಕಟ್ಟಿನ ಮೂಲೆಗೆ
ಆರರಲ್ಲಿ ಒಂದು ಸಿಕ್ಕಿಸಿದ್ದೇನೆ,
ಕಣ್ಣು ತೆರೆದದ್ದು, ಗುಂಡಿ ಹಾಕಿದ್ದು, ಬಣ್ಣದ್ದು.
ಬಂದ ಗಿರಾಕಿಗಳು ಕೇಳುತ್ತಾರೆ:
ಇವರಿಬ್ಬರು ಯಾರ್ರಿ?

ಸಿಕ್ಕಿಸುವಾಗಲೂ
ಅವನನ್ನು ಕೇಳಿರಲಿಲ್ಲ.