ಚೀಟಿ ಇಲ್ಲದ ಗೋಡೆ

ಮೂವತ್ತು ವರ್ಷ ಈ ಶಿಡ್ಲಘಟ್ಟದಲ್ಲಿ
ಅಂಗಡಿ ಅಂಗಡಿಗೆ ಹೆಸರು ಬರೆದೆ.
ಒಂದನ್ನೂ ಓದಲಿಲ್ಲ.

"ಚೀಟೀಲಿ ಬರ್ಕೊಡಿ ಸಾಮಿ,
ತಪ್ಪಾದ್ರೆ ನಿಮ್ದೇ ಜವಾಬ್ದಾರಿ."
ದ್ಯಾವಪ್ಪ ಬಲು ಕಟ್ಟುನಿಟ್ಟು ಅಂದುಕೊಂಡರು.
ನಾನು ಚೀಟಿಯ ಗೆರೆಗಳನ್ನು
ನವಿಲು ಬರೆದ ಹಾಗೆ, ಟಗರು ಬರೆದ ಹಾಗೆ
ನೋಡಿ ನೋಡಿ ಇಳಿಸಿದೆ:
ಇಲ್ಲಿ ಹೊಟ್ಟೆ, ಇಲ್ಲಿ ಬಾಲ,
ಕೊನೆಗೆ ತಲೆಕಟ್ಟಿಗೊಂದು ಕೆಂಪು ನೆರಳು.

ಒಮ್ಮೆ ಚೀಟಿ ಗಾಳಿಗೆ ಹಾರಿಹೋಗಿ
ನೆನಪಿನಿಂದ ಬರೆದೆ, ಬಸ್‌ಸ್ಟ್ಯಾಂಡಿನ ಹಿಂದೆ:
ಮನೆ ಬಡಿಗೆಗೆ ಇದೆ.
ಒಂದು ದೀರ್ಘ ಎಲ್ಲೋ ಬಿದ್ದುಹೋಗಿತ್ತು.
"ಯಾರಿಗೆ ಬಡಿಯೋದು ದ್ಯಾವಪ್ಪಾ?"
ಬೀದಿ ನಕ್ಕಿತು. ನಾನೂ ನಕ್ಕೆ.
ಅರ್ಧ ದುಡ್ಡು ಕೊಟ್ಟರು.
ಮೂರನೇ ಕ್ಲಾಸಿನ ಮೇಷ್ಟ್ರ ರೂಲುದೊಣ್ಣೆ
ಬೆರಳ ಗೆಣ್ಣಿನೊಳಗೆ ಮತ್ತೆ ಬೆಚ್ಚಗಾಯಿತು.

ಆಮೇಲೆ ಫ್ಲೆಕ್ಸ್ ಬಂತು.
ಬ್ರಶ್ಶುಗಳು ಡಬ್ಬಿಯಲ್ಲೇ ನಿಂತು ಒಣಗಿದವು.

ಒಂದು ಶನಿವಾರ ನಾಗವೇಣಿ ಟೀಚರು ಬಂದರು,
ಹಿಂದೆ ಹನ್ನೊಂದು ಮಕ್ಕಳು, ನಾಲ್ಕು ಬಕೆಟ್ ಬಣ್ಣ.
"ಗೂಡಿನ ಮಾರ್ಕೆಟ್ಟಿನ ಗೋಡೆ ಕೊಟ್ಟಿದಾರೆ.
ಈ ಮಕ್ಕಳಿಗೆ ಅಕ್ಷರ ಹೇಗೆ ಕಾಣುತ್ತೋ
ಹಾಗೇ ಬರೆಯೋಣ. ಊರು ನೋಡಲಿ."
ನಾನು ಕೇಳಿದೆ: "ಚೀಟಿ?"
"ಚೀಟಿ ಇಲ್ಲ."

ಮುಬೀನಾ ಅಂತ ಒಬ್ಬಳು, ರೀಲಿಂಗ್ ಮನೆಯವಳು,
ಬೆಂದ ಗೂಡಿನ ವಾಸನೆ ಹೊತ್ತ ಫ್ರಾಕು.
ಸೀಮೆಸುಣ್ಣ ತಗೊಂಡು ಗೋಡೆಗೆ ಒಂದು ಪ ಹಾಕಿದಳು.
"ಇದರ ಹೊಟ್ಟೆ ಸೀಳಿದ್ರೆ ಷ, ಅಂಕಲ್.
ಬಾಯಿ ಮುಚ್ಚಿದ್ರೆ ವ, ಬಾಲ ಬಂದ್ರೆ ಮ.
ನಾನು ನೋಡ್ತಾ ಇದ್ದಂಗೇ ಬದಲಾಯ್ತವೆ.
ಚಂದ್ರಿಕೆಗೆ ಬಿಟ್ಟ ಹುಳ ಥರ,
ಒಂದೂ ಇದ್ದ ಕಡೆ ಇರಲ್ಲ."

ಬ್ರಶ್ಶಿನಿಂದ ನೀಲಿ ತೊಟ್ಟಿಕ್ಕಿ ಚಪ್ಪಲಿ ಮೇಲೆ ಬಿತ್ತು.
ಐವತ್ತೆರಡು ವರ್ಷ ನನ್ನ ತಲೆಯಲ್ಲಿದ್ದ ಹುಳ
ಈ ಹುಡುಗಿಗೆ ಹೇಗೆ ಸಿಕ್ಕಿತು?

ಐದು ದಿನ ಬರೆದೆವು.
ಒತ್ತಕ್ಷರಗಳು ಕೈಬಿಟ್ಟು ಮೋರಿಗೆ ಇಳಿದವು.
ಕೊಂಬು ಹೋಗಿ ಮೇಕೆಯ ತಲೆಗೆ ಕೂತಿತು.
ಸೊನ್ನೆಯೊಂದು ಉರುಳಿಕೊಂಡು ಗೇಟಿನ ತನಕ ಹೋಯಿತು,
ಅದರ ಹಿಂದೆ ಓಡುವ ಹುಡುಗ, ಅವನಿಗೆ ಮುಖ ಬರೆಯಲಿಲ್ಲ;
"ಯಾರು ಬೇಕಾದ್ರೂ ಆಗ್ಲಿ" ಅಂದಿತು ಒಂದು ಮಗು.

"ಯಾವ ಪಾರ್ಟಿ ಗೋಡೆ ಇದು?"
"ಏಮಿ ದ್ಯಾವಪ್ಪಾ, ತಾಗಿ ರಾಸಿನಾವಾ?"

ಗೂಡನ್ನು ಕಿವಿಗೆ ಹಿಡಿದು ಅಲ್ಲಾಡಿಸಿ
ಒಳಗಿನ ಹುಳದ ಗತಿ ಹೇಳಬಲ್ಲ
ಗೌಸ್ ಮೊಹಿದ್ದೀನ್ ಸಾಹೇಬರು
ಒಂದು ಸಾಲು ಜೋರಾಗಿ ಓದಲು ಹೊರಟರು.
ತಡವರಿಸಿದರು. ಕನ್ನಡಕ ಒರೆಸಿಕೊಂಡರು.
ಮತ್ತೆ ಮೊದಲಿಂದ. ಮತ್ತೆ ಅದೇ ಜಾಗದಲ್ಲಿ ಎಡವಿದರು.
ಕೂಲಿಯವನೊಬ್ಬ ಕಿಸಕ್ಕನೆ ನಕ್ಕ.
ಸಾಹೇಬರ ಕಿವಿ ಕೆಂಪಾದವು.
"ಮನೇಲಿ ಒಬ್ಬ ಇದಾನೆ," ಅಂದರು,
ಯಾರಿಗೆ ಅಂತಲ್ಲ.
ಮುಂದೇನೋ ಹೇಳುವಷ್ಟರಲ್ಲಿ
ಹರಾಜಿನ ಗಂಟೆ ಹೊಡೆಯಿತು.

ಕೊನೆಯ ಸಂಜೆ ಟೀಚರು ಅಂದರು,
"ಮೂಲೆಯಲ್ಲಿ ನಿಮ್ಮ ಹೆಸರು ಹಾಕಿ."
ನನ್ನ ಹೆಸರಿಗೆ ಎರಡು ಒತ್ತು, ಎರಡು ಪೆಟ್ಟು.
ಯಾವತ್ತೂ ಆಧಾರ್ ಕಾರ್ಡು ನೋಡಿ ಬರೆಯುವವನು.
ಕೈ ಜೇಬಿಗೆ ಹೋಯಿತು. ಮುಬೀನಾ ನೋಡುತ್ತಿದ್ದಳು.
"ನಿಮ್ಗೂ ಓಡ್ತಾವಾ ಅಂಕಲ್?"

ಹೆಂಡತಿಗೂ ಹೇಳಿರಲಿಲ್ಲ ನಾನು.
"ಓಡ್ತವೆ ಕಣಮ್ಮ."

ಈಗ ರಾತ್ರಿ ಹೊತ್ತು ಯಾರೋ
ಮೂಲವ್ಯಾಧಿಯ ಪೋಸ್ಟರು ಅಂಟಿಸಿ ಹೋಗುತ್ತಾರೆ.
ಬೆಳಿಗ್ಗೆ ಚೊಂಬಿನಲ್ಲಿ ಬಿಸಿನೀರು ಒಯ್ದು
ಚಿಮುಕಿಸಿ, ಉಗುರಲ್ಲಿ ಕೆರೆಯುತ್ತೇನೆ.
ಒಂದು ತುದಿ ಸಿಕ್ಕರೆ ಸಾಕು,
ಗೂಡಿನ ಎಳೆಯ ಹಾಗೆ ಬಿಚ್ಚಿಕೊಂಡು ಬರುತ್ತದೆ.

ಅಡಿಯಲ್ಲಿ ನನ್ನ ಹೆಸರು.
ಒಂದು ಒತ್ತು ಕಮ್ಮಿಯಂತೆ.
ತಿದ್ದಲಾ ಅಂತ ಟೀಚರು ಕೇಳಿದ್ದರು.
ಇರಲಿ ಬಿಡಿ ಅಂದೆ.