ಎಡಮೂಲೆಯಲ್ಲಿ ಮಬ್ಬು

ರಾತ್ರಿ ಪಾಳಿ ಮುಗಿಸಿ, ಕಾವಲುಗೂಡಿನ ದೀಪ ಆರಿಸಿ,
ಟೋಪಿಯನ್ನು ಮೊಳೆಗೆ ಸಿಕ್ಕಿಸಿ
ಮನೆ ಕಡೆ ಹೋಗಬೇಕಾದ ಕಾಲು
ಕಸದ ಶೆಡ್ಡಿನ ಹಿಂದಿನ ಮೆಟ್ಟಿಲು ಹತ್ತುತ್ತದೆ.
ವೊಂಜು ಊರಿನ ನಕಾಶೆಯಲ್ಲಿ ಈ ಗುಡ್ಡಕ್ಕೆ ಹೆಸರಿಲ್ಲ,
ಎತ್ತರವಷ್ಟೇ: ಇನ್ನೂರ ನಲವತ್ತೊಂದು ಮೀಟರು.
ಹಿತ್ತಲ ಗಿಡ ಮದ್ದಲ್ಲ, ಸರಿ;
ನನಗೇನೂ ಕಾಯಿಲೆಯಿಲ್ಲವಲ್ಲ.

ಕ್ಯಾಮೆರಾ ಸಿಕ್ಕಿದ್ದೂ ಕಸದಲ್ಲೇ.
ನೂರಮೂರನೇ ಬ್ಲಾಕಿನವರು ಮನೆ ಖಾಲಿ ಮಾಡಿದ ದಿನ
ರಟ್ಟು, ಶೀಶೆ, ತಗಡು ಬೇರೆ ಮಾಡುತ್ತಿದ್ದಾಗ
ಮಗುವಿನ ಉಣ್ಣೆ ಟೋಪಿಯೊಳಗೆ ಸುತ್ತಿಟ್ಟಿತ್ತು.
ಲೆನ್ಸಿನೊಳಗೆ ಬೂಷ್ಟು. ತೆಗೆದ ಪ್ರತಿ ಚಿತ್ರದ
ಎಡಮೂಲೆಯಲ್ಲಿ ಒಂದು ಮಬ್ಬು,
ಯಾರೋ ಈಗಷ್ಟೇ ಉಸಿರು ಬಿಟ್ಟು ಹೋದಂತೆ.
ರಿಪೇರಿಗೆ ಅದರ ಬೆಲೆಯ ಮೂರು ಪಟ್ಟು ಎಂದ ಅಂಗಡಿಯವ.
ಹಕ್ಕಿಯನ್ನು ಬಲಕ್ಕೆ ಕೂರಿಸುವುದನ್ನು ಕಲಿತೆ.
ಅದು ಕೂತಲ್ಲೇ ಕೂತಿರುತ್ತದೆ, ಸರಿಯುವವನು ನಾನು.

ಬುಗ್ಗೆಯ ಬಳಿ ಮುದುಕಿಯರು
ಪೈನ್ ಮರಕ್ಕೆ ಬೆನ್ನು ಗುದ್ದಿಕೊಳ್ಳುತ್ತಾರೆ, ದಬ್, ದಬ್.
ಪ್ಯೋ ಅಜ್ಜಿಯ ಅಂಗೈಯಲ್ಲಿ ಕಡಲೆಬೀಜದ ಚೂರು;
ಕಂದುಹೊಟ್ಟೆಯ ಚೇಕಡಿ ಹೆಬ್ಬೆರಳ ಮೇಲಿಳಿದು,
ಆರಿಸಿ, ಬೇಡದ್ದನ್ನು ಬಿಸಾಡಿ ಹಾರುತ್ತದೆ.
"ಥೇಟ್ ನನ್ನ ಸೊಸೆ" ಎನ್ನುತ್ತಾಳೆ.
ಆ ನಗು ಚಿತ್ರಕ್ಕೆ ಸಿಕ್ಕಿಲ್ಲ ಇನ್ನೂ.

ಮಾರ್ಚಿ ಕೊನೆ, ಜಿಂದಲ್ಲೆ ಗಿಡ ಎಲೆಗೆ ಮುಂಚೆ ಹೂಬಿಟ್ಟ ವಾರ,
ಗೋರಿಗಳ ಪಕ್ಕದ ಮುಳ್ಳುಪೊದೆಯಲ್ಲಿ
ಗುಳಿಗಣ್ಣಿ ಜೋಡಿ ಗೂಡಿಗೆ ತೊಡಗಿತು.
ನಮ್ಮ ಮಾತಿನಲ್ಲಿ ಅದಕ್ಕೆ ಅದೇ ಹೆಸರು.
ಮೈ ಅಂದರೆ ಹತ್ತಿಯುಂಡೆ, ಮಿಕ್ಕದ್ದೆಲ್ಲ ಬಾಲ.
ಜೇಡನ ನೂಲಿಗೆ ಪಾಚಿ ಅಂಟಿಸಿ, ಒಳಗೆ ಗರಿ ಹಾಸಿ
(ಸತ್ತ ಪಾರಿವಾಳದ್ದು, ಗುಡಿಸಿ ಮೂಲೆಗೆ ತಳ್ಳಿದವನು ನಾನೇ)
ಹದಿನೇಳು ದಿನ. ದಿನ ಬಿಟ್ಟು ದಿನ ನೋಡಿದೆ;
ಪಾಳಿಯ ದಿನ ಏನು ಹೆಣೆದವೋ ತಿಳಿಯದು.

ಏಪ್ರಿಲ್ ಕೊನೆಗೆ ಮರಿಗಳ ಸದ್ದು.
ಬಾಯಿ ತಡೆಯಲಿಲ್ಲ. ಯೋಮ್ ಸಾಹೇಬರಿಗೆ ಹೇಳಿಬಿಟ್ಟೆ,
ಐದನೇ ಮಹಡಿ, ಬ್ಯಾಂಕಿನಿಂದ ನಿವೃತ್ತರು, ಸಭ್ಯರು.

ಮೂರನೇ ಬೆಳಿಗ್ಗೆ ಗೋರಿಗಳ ನಡುವೆ
ಒನಕೆಯಂಥ ಲೆನ್ಸುಗಳು ಹನ್ನೊಂದು, ಮಡಚುವ ಕುರ್ಚಿ, ಫ್ಲಾಸ್ಕು.
ಗೂಡಿಗೆ ಅಡ್ಡ ಬರುತ್ತಿದ್ದ ನಾಲ್ಕು ರೆಂಬೆ
ಚೊಕ್ಕವಾಗಿ ಕತ್ತರಿಸಿ, ಯಾರದೋ ಗೋರಿಯ ಮೇಲೆ
ಸಾಲಾಗಿ ಜೋಡಿಸಿಟ್ಟಿದ್ದರು.
"ಈಗ ಬೆಳಕು ಚೆನ್ನಾಗಿ ಬೀಳುತ್ತೆ" ಎಂದರು ಯೋಮ್,
ನನಗೂ ಒಂದು ಲೋಟ ಕಾಫಿ ಕೊಟ್ಟರು.
ಕುಡಿದೆ. ಅದನ್ನು ಮುಚ್ಚಿಡುವುದಿಲ್ಲ.
ಓಕ್ ಮರದ ತುದಿಯಲ್ಲಿ ಒಂದು ಜೇ ಹಕ್ಕಿ ಕೂತಿತ್ತು,
ಮೊಟ್ಟೆ ಮರಿ ಕದಿಯುವ ಜಾತಿ.
ಅದಕ್ಕೂ ಬೆಳಕು ಚೆನ್ನಾಗಿ ಬಿದ್ದಿತ್ತು.

ಹನ್ನೆರಡಕ್ಕೆ ಎಲ್ಲರೂ ನೂಡಲ್ ತಿನ್ನಲು ಇಳಿದರು.
ರಟ್ಟು ಕಟ್ಟುವ ಹುರಿ ನನ್ನ ಜೇಬಲ್ಲಿ ಸದಾ ಇರುತ್ತದೆ.
ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಹಳೆ ಚಿತ್ರ ತೆರೆದು
ಯಾವ ರೆಂಬೆ ಎಲ್ಲಿತ್ತೆಂದು ನೋಡಿ ನೋಡಿ
ಮೂರನ್ನು ಇದ್ದಲ್ಲಿಗೇ ಕಟ್ಟಿದೆ.
ನಾಲ್ಕನೆಯದು ಮಬ್ಬಿನೊಳಗಿತ್ತು,
ಅಂದಾಜಿನಲ್ಲಿ ಕಟ್ಟಿದೆ.
ತಾಯಿ ಕೊಕ್ಕಿನ ತುಂಬ ಹುಳ ಹಿಡಿದು ಬಂದಳು,
ಗಂಟಿನ ಪಕ್ಕ ಕೂತು ಕತ್ತು ಕೊಂಕಿಸಿ
ಒಳಗೆ ಹೋದಳು.

ಮೂರು ದಿನಕ್ಕೆ ಎಲೆ ಬಾಡಿತು. ಬೇರೆ ಕಡಿದು ಕಟ್ಟಿದೆ.
ಹೌದು, ನಾನೂ ಕಡಿದೆ.
ಮರಿಗಳು ಹಾರಿದವೋ, ಜೇ ಹಕ್ಕಿಯ ಪಾಲಾದವೋ,
ಅದು ನನ್ನ ಪಾಳಿಯ ದಿನ.

ಯೋಮ್ ಸಾಹೇಬರ ಚಿತ್ರಕ್ಕೆ ಎರಡನೇ ಬಹುಮಾನ ಬಂತು.
ಲಿಫ್ಟಿನ ಎದುರು ತೂಗುಹಾಕಿದ್ದಾರೆ:
ಐದು ಬಾಯಿ, ಐದೂ ತೆರೆದು, ಗಂಟಲೊಳಗಿನ ಹಳದಿಯೂ ಕಾಣುವಷ್ಟು ನಿಚ್ಚಳ.
ಅದರ ಗಾಜು ಒರೆಸುವುದು ನನ್ನ ಕೆಲಸಕ್ಕೆ ಸೇರಿದ್ದು.
ಬೆಳಗಿನ ಜಾವ ಯಾರೂ ಇಲ್ಲದಾಗ
ಎಡಮೂಲೆಗೆ ಬಾಯಿ ತಂದು ಒಮ್ಮೆ ಉಸಿರು ಬಿಡುತ್ತೇನೆ,
ಅದು ಆರುವವರೆಗೆ ನಿಂತಿದ್ದು
ಬಟ್ಟೆ ತೆಗೆಯುತ್ತೇನೆ.